ಆಲ್ಟರ್ನೇಟರ್: ಎಷ್ಟು ಕಾಲ ಬಾಳುತ್ತದೆ, ಸಣ್ಣ ಕಾರು ಕೊಳ್ಳುವಾಗ ಯಾಕೆ ನೋಡಬೇಕು

ಎಂಜಿನ್ ಓಡುವಾಗ ಕಾರಿಗೆ ಬೇಕಾದ ಕರೆಂಟನ್ನು ಹುಟ್ಟಿಸುವ ಯಂತ್ರವೇ ಆಲ್ಟರ್ನೇಟರ್. ಹಳೆಯ ಮೆಕ್ಯಾನಿಕ್‌ಗಳು ಇದನ್ನು ಇವತ್ತಿಗೂ ಡೈನಮೋ ಎಂದೇ ಕರೆಯುತ್ತಾರೆ. ಕಾರಿಗೆ ಕರೆಂಟು ಕೊಡುವುದು ಬ್ಯಾಟರಿ ಎಂದು ತುಂಬಾ ಜನ ತಿಳಿದಿದ್ದಾರೆ. ಬ್ಯಾಟರಿಯ ದೊಡ್ಡ ಕೆಲಸ ಸೆಲ್ಫ್ ಹೊಡೆಯುವುದು. ಗಾಡಿ ಸ್ಟಾರ್ಟ್ ಆದ ಮೇಲೆ ಹೆಡ್‌ಲೈಟ್, ವೈಪರ್, ಬ್ಲೋವರ್, ಪೆಟ್ರೋಲ್ ಪಂಪ್, ಪ್ಲಗ್‌ನ ಕಿಡಿ ಎಲ್ಲದಕ್ಕೂ ಆಲ್ಟರ್ನೇಟರೇ ಗತಿ. ಬ್ಯಾಟರಿ ಮನೆಯ ಮೇಲಿನ ನೀರಿನ ಟ್ಯಾಂಕ್ ಆದರೆ ಇದು ಅದನ್ನು ತುಂಬಿಸುವ ಮೋಟರ್.

ಎಂಜಿನ್‌ನಿಂದ ಬರುವ ಬೆಲ್ಟ್ ಇದರ ಪುಲ್ಲಿಯನ್ನು ತಿರುಗಿಸುತ್ತದೆ. ಒಳಗೆ ರೋಟರ್ ಎಂಬ ವಿದ್ಯುತ್ ಅಯಸ್ಕಾಂತ ಸುತ್ತುತ್ತದೆ. ಅದರ ಸುತ್ತ ಇರುವ ತಾಮ್ರದ ವೈಂಡಿಂಗ್‌ನಲ್ಲಿ ಎಸಿ ಕರೆಂಟು ಹುಟ್ಟುತ್ತದೆ. ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ. ರೆಗ್ಯುಲೇಟರ್ ಅದನ್ನು 14 ವೋಲ್ಟಿನ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ರೋಟರ್‌ಗೆ ಕರೆಂಟು ಮುಟ್ಟಿಸುವುದು ಎರಡು ಸಣ್ಣ ಕಾರ್ಬನ್ ಬ್ರಷ್‌ಗಳು. ಸುತ್ತುವ ಉಂಗುರಕ್ಕೆ ಒತ್ತಿಕೊಂಡೇ ಇರುವುದರಿಂದ ಇವು ದಿನದಿನವೂ ಸವೆಯುತ್ತವೆ.

ಎಷ್ಟು ವರ್ಷ ಬಾಳುತ್ತದೆ? ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ, ಇಲ್ಲವೇ ಒಂದರಿಂದ ಒಂದೂವರೆ ಲಕ್ಷ ಕಿಲೋಮೀಟರ್ ಎನ್ನುತ್ತಾರೆ. ಈ ಲೆಕ್ಕವನ್ನು ಕೊಡಗಿನಲ್ಲಿ ಕಣ್ಣುಮುಚ್ಚಿ ನಂಬಬಾರದು ಎನ್ನುವುದು ನನ್ನ ಅಭಿಪ್ರಾಯ. ಓಡೋಮೀಟರ್ ದೂರವನ್ನು ಮಾತ್ರ ಹೇಳುತ್ತದೆ. ಆಲ್ಟರ್ನೇಟರ್ ಸವೆಯುವುದು ತಿರುಗಿದ ಗಂಟೆ, ಹೊತ್ತ ಭಾರ, ಕಂಡ ಬಿಸಿ ಮತ್ತು ಒಳಹೊಕ್ಕ ನೀರು, ಕೆಸರು, ಧೂಳಿನಿಂದ.

ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆಯಲ್ಲಿ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವವರನ್ನೇ ನೋಡಿ. ಹಗಲಲ್ಲೇ ಹೆಡ್‌ಲೈಟ್ ಹಾಕಬೇಕು. ಹಳೆಯ ಹ್ಯಾಲೊಜನ್ ಬಲ್ಬ್ ಒಂದೊಂದೂ 55 ವ್ಯಾಟ್ ಎಳೆಯುತ್ತದೆ. ವೈಪರ್ ನಿಲ್ಲುವ ಹಾಗಿಲ್ಲ. ಗಾಜಿನ ಮಂಜು ಹೋಗಲು ಬ್ಲೋವರ್ ಬೇಕು, ಹಿಂದಿನ ಗಾಜನ್ನು ಕಾಯಿಸುವ ಡಿಫಾಗರ್ ಇದ್ದರೆ ಅದೂ ಬೇಕು. ಇಷ್ಟೆಲ್ಲ ಬೇಡಿಕೆ ಇರುವಾಗ ಕಾರು ಮಾತ್ರ ಮಂಜಿನಲ್ಲಿ ತೆವಳುತ್ತಿರುತ್ತದೆ. ಎಂಜಿನ್ ನಿಧಾನ ತಿರುಗಿದರೆ ಆಲ್ಟರ್ನೇಟರ್ ಕೊಡುವ ಕರೆಂಟೂ ಕಡಿಮೆ. 70 ಆಂಪಿಯರ್ ಎಂದು ಬರೆದಿರುವ ಆಲ್ಟರ್ನೇಟರ್ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಅದರ ಅರ್ಧದಷ್ಟನ್ನೂ ಕೊಡದಿರಬಹುದು. ಉಳಿದದ್ದು ಬ್ಯಾಟರಿಯಿಂದ ಹೋಗುತ್ತದೆ. ಆಮೇಲೆ ಆ ಸಾಲವನ್ನೂ ಆಲ್ಟರ್ನೇಟರೇ ತೀರಿಸಬೇಕು, ಅಲ್ವಾ? ಜೊತೆಗೆ ಹಲವು ಕಾರುಗಳಲ್ಲಿ ಇದು ಎಂಜಿನ್‌ನ ಕೆಳಭಾಗದಲ್ಲಿ ಕೂತಿರುತ್ತದೆ. ರಸ್ತೆಯ ನೀರು ನೇರ ಅಲ್ಲಿಗೇ ಎರಚುತ್ತದೆ. ಹೊಳೆ ಉಕ್ಕಿ ರಸ್ತೆಗೆ ಬಂದಾಗ ಆ ನೀರಿನಲ್ಲಿ ಕಾರು ಇಳಿಸಿದರೆ ಬೇರಿಂಗ್‌ನ ಗ್ರೀಸ್ ತೊಳೆದುಹೋಗಬಹುದು. ಕಾಫಿ ಕೊಯ್ಲಿನ ಕಾಲಕ್ಕೆ ತೋಟದ ದಾರಿಯ ಧೂಳು ಬ್ರಷ್‌ಗಳನ್ನು ತಿನ್ನುತ್ತದೆ.

ಕೆಡುವ ಮೊದಲು ಇದು ಸೂಚನೆ ಕೊಡುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಲೈಟು ಜೋರಾಗಿ, ಬಿಟ್ಟಾಗ ಮಂಕಾಗುವುದು. ಬೇರಿಂಗ್‌ನ ಗುಂಯ್ ಸದ್ದು. ಬೆಳಿಗ್ಗೆ ಬೆಲ್ಟ್ ಕಿರುಗುಟ್ಟುವುದು. ಡ್ಯಾಶ್‌ಬೋರ್ಡಿನ ಬ್ಯಾಟರಿ ಗುರುತಿನ ಕೆಂಪು ದೀಪ ಓಡುವಾಗ ಹತ್ತಿಕೊಂಡರೆ ಚಾರ್ಜ್ ಆಗುತ್ತಿಲ್ಲ ಎಂದೇ ಅರ್ಥ. 35 ಆಂಪಿಯರ್-ಅವರ್ ಬ್ಯಾಟರಿ ಲೈಟು, ವೈಪರ್ ಎರಡನ್ನೂ ಹೊತ್ತುಕೊಂಡು ಓಡಿದರೆ ಒಂದು ಗಂಟೆ ಸಿಕ್ಕಿದರೆ ಹೆಚ್ಚು. ಎಸಿ, ಬ್ಲೋವರ್, ಹಾಡು ಎಲ್ಲ ಆರಿಸಿ, ಎಂಜಿನ್ ನಿಲ್ಲಿಸದೆ ಹತ್ತಿರದ ಊರು ಸೇರಬೇಕು. ಆದರೆ ಕಾವಿನ ಮುಳ್ಳು ಏರುತ್ತಿದ್ದರೆ ತಕ್ಷಣ ನಿಲ್ಲಿಸಿ. ಹಲವು ಕಾರುಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ, ಆ ಬೆಲ್ಟೇ ಹರಿದಿರಬಹುದು. ಇನ್ನೊಂದು ಮಾತು. ಈಗಿನ ಸಣ್ಣ ಕಾರುಗಳ ಪವರ್ ಸ್ಟೀರಿಂಗ್ ಕರೆಂಟಿನಿಂದ ನಡೆಯುತ್ತದೆ. ವೋಲ್ಟೇಜ್ ಇಳಿದರೆ ಸಂಪಾಜೆ ಘಾಟಿಯ ತಿರುವಿನಲ್ಲೇ ಸ್ಟೀರಿಂಗ್ ಗಟ್ಟಿಯಾಗಬಹುದು. ಕೆಂಪು ದೀಪವನ್ನು ನಾಳೆ ನೋಡೋಣ ಎಂದು ಬಿಡಬೇಡಿ.

ಓಡುವ ಎಂಜಿನ್‌ನಲ್ಲಿ ಬ್ಯಾಟರಿಯ ಟರ್ಮಿನಲ್ ಕಿತ್ತು ಪರೀಕ್ಷೆ ಮಾಡುವ ಹಳೆಯ ರೂಢಿಯೂ ಬೇಡ. ಆಗ ವೋಲ್ಟೇಜ್ ಒಮ್ಮೆಲೇ ಜಿಗಿದು ಡಯೋಡ್ ಸುಡಬಹುದು, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಕೂಡ ಹೋಗಬಹುದು.

ಇನ್ನು ಮೈಲೇಜ್. ಆಲ್ಟರ್ನೇಟರ್ ಕೊಡುವ ಕರೆಂಟು ಪೆಟ್ರೋಲಿನಿಂದಲೇ ಬರುತ್ತದೆ. 14 ವೋಲ್ಟಿನಲ್ಲಿ 70 ಆಂಪಿಯರ್ ಎಂದರೆ ಸುಮಾರು ಸಾವಿರ ವ್ಯಾಟ್. ನಷ್ಟವೂ ಸೇರಿ ಎಂಜಿನ್‌ನಿಂದ ಎರಡು ಹಾರ್ಸ್‌ಪವರ್‌ನಷ್ಟು ಹೋಗುತ್ತದೆ. ಆಲ್ಟೊ ಕೆ10 ನಂತಹ 998 ಸಿಸಿ ಕಾರು ಎರಡನೇ ಗೇರಿನಲ್ಲಿ ಏರು ಹತ್ತುವಾಗ ಇದು ಲೆಕ್ಕಕ್ಕೆ ಬರುತ್ತದೆ. ಸೆಲೆರಿಯೊಗೆ ಲೀಟರಿಗೆ 26 ಕಿಲೋಮೀಟರ್ ಎಂದು ಕಂಪನಿ ಹೇಳುವುದು ಪ್ರಯೋಗಾಲಯದ ಲೆಕ್ಕ. ಅಲ್ಲಿ ಏರಿಲ್ಲ, ಮಳೆಯಿಲ್ಲ. ಎರಡು ಕಾರುಗಳನ್ನು ಹೋಲಿಸಲು ಆ ಸಂಖ್ಯೆ ಸಾಕು, ತಿಂಗಳ ಖರ್ಚು ಹಾಕಲು ಸಾಲದು.

ರೈಲು ಇಲ್ಲದ ಜಿಲ್ಲೆ ನಮ್ಮದು. ಒಳಗಿನ ಊರುಗಳಿಗೆ ಬಸ್ಸೂ ಕಡಿಮೆ. ಇಲ್ಲಿ ಕಾರು ಕೆಟ್ಟರೆ ಆಸ್ಪತ್ರೆಗೆ ಹೋಗುವುದೂ ಕಷ್ಟ. ಹಾಗಾಗಿ ನಂಬಿಕೆಯ ಕಾರು ಎಂದರೆ ನನ್ನ ಮಟ್ಟಿಗೆ ಎಂದೂ ಕೆಡದ ಕಾರಲ್ಲ, ಕೆಟ್ಟರೆ ನಮ್ಮೂರಲ್ಲೇ ಸರಿಯಾಗುವ ಕಾರು. ಲೀಟರಿಗೆ ಎರಡು ಕಿಲೋಮೀಟರ್ ಕಡಿಮೆ ಕೊಟ್ಟರೂ ಪರವಾಗಿಲ್ಲ, ಅದರ ಬ್ರಷ್, ಬೇರಿಂಗ್, ರೆಗ್ಯುಲೇಟರ್ ವಿರಾಜಪೇಟೆಯಲ್ಲೋ ಕುಶಾಲನಗರದಲ್ಲೋ ಸಿಗಬೇಕು. ವ್ಯಾಗನ್ ಆರ್, ಆಲ್ಟೊದಂಥವು ಇಲ್ಲಿ ಜಾಸ್ತಿ ಓಡುವುದಕ್ಕೆ ಇದೂ ಒಂದು ಕಾರಣ ಎಂದುಕೊಂಡಿದ್ದೇನೆ. ಪೂರ್ತಿ ಆಲ್ಟರ್ನೇಟರ್ ಬದಲಿಸುವ ಮೊದಲು ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಎಷ್ಟೋ ಸಲ ಬ್ರಷ್ ಬದಲಿಸಿದರೆ ಸಾಕಾಗುತ್ತದೆ.

ಹೊಸದಾಗಿ ಬಂದ, ಎಂಜಿನ್‌ಗೆ ಸಣ್ಣ ಮೋಟರ್ ನೆರವಾಗುವ ಮೈಲ್ಡ್ ಹೈಬ್ರಿಡ್ ಕಾರುಗಳಲ್ಲಿ ಆಲ್ಟರ್ನೇಟರ್ ಜಾಗದಲ್ಲಿ ಸ್ಟಾರ್ಟ್ ಮಾಡುವ ಕೆಲಸವನ್ನೂ ಮಾಡುವ ಐಎಸ್‌ಜಿ (ಇಂಟಿಗ್ರೇಟೆಡ್ ಸ್ಟಾರ್ಟರ್ ಜನರೇಟರ್) ಇರುತ್ತದೆ. ಪೆಟ್ರೋಲ್ ಉಳಿಯುತ್ತದೆ, ಆದರೆ ಬೀದಿ ಬದಿಯ ರಿಪೇರಿಗೆ ಅದು ಸುಲಭವಲ್ಲ. ಎಲೆಕ್ಟ್ರಿಕ್ ಕಾರಿನಲ್ಲಂತೂ ಆಲ್ಟರ್ನೇಟರೇ ಇಲ್ಲ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವಾಗ ವೋಲ್ಟೇಜ್ ಅಳೆಯುವ ಒಂದು ಸಾದಾ ಮಲ್ಟಿಮೀಟರ್ ಒಯ್ಯಿರಿ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.4ರಿಂದ 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟ್ ಮಾಡಿದಾಗ 13.8ರಿಂದ 14.4ಕ್ಕೆ ಏರಬೇಕು. ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿ ಮತ್ತೆ ನೋಡಿ. 13ರ ಕೆಳಗೆ ಇಳಿದು ಅಲ್ಲೇ ನಿಂತರೆ ಚಾರ್ಜಿಂಗ್ ಸರಿಯಿಲ್ಲ, 15 ದಾಟಿದರೆ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ. ಕೆಲವು ಹೊಸ ಕಾರುಗಳಲ್ಲಿ ಪೆಟ್ರೋಲ್ ಉಳಿಸಲು ಇಸಿಯು ಬೇಕೆಂದೇ ವೋಲ್ಟೇಜ್ ತಗ್ಗಿಸುತ್ತದೆ. ಅಂಥ ಕಾರಿನಲ್ಲಿ ಲೈಟು ಹಾಕಿದ ಮೇಲೆ ಬರುವ ಸಂಖ್ಯೆಯನ್ನೇ ನಂಬಿ. ಸಾಧ್ಯವಾದರೆ ಮಳೆಗಾಲದಲ್ಲೇ ಹೋಗಿ ನೋಡಿ. ಮಾರುವವರು ಬಿಸಿಲಿನ ದಿನವೇ ಬನ್ನಿ ಎಂದರೂ ಲೈಟು, ವೈಪರ್ ಹಾಕಿ ಒಂದು ಏರನ್ನಾದರೂ ಹತ್ತಿಸಿ, ಆಮೇಲೆ ಬೆಲೆಯ ಮಾತು ಆಡಿ.