‘ಇದೆಯಾ?’ ಅಂತ ಕೇಳಿದ್ದಕ್ಕೇ ಎಕ್ಸೆಪ್ಷನ್

ವೆಬ್‌ಸೈಟ್ ಕಟ್ಟಲು ಬಳಸುವ ಪಿಎಚ್‌ಪಿ ಭಾಷೆಯಲ್ಲಿ ಒಂದು ಕಾನ್‌ಸ್ಟಂಟ್ (ಬದಲಾಗದ ಬೆಲೆಗೆ ಇಟ್ಟ ಹೆಸರು) ಇದೆಯೋ ಇಲ್ಲವೋ ಎಂದು ಹೇಳುವುದಕ್ಕೆ ‘ಡಿಫೈನ್ಡ್’ ಎಂಬ ಫಂಕ್ಷನ್ ಇದೆ. ಡಿಫೈನ್ಡ್('ಮಿತಿ') ಎಂದು ಕೇಳಿದರೆ ಮೆಮೊರಿಯಲ್ಲಿರುವ ಪಟ್ಟಿ ನೋಡಿ ಉತ್ತರ ಕೊಡುತ್ತದೆ, ಅಷ್ಟೇ. ಡಿಫೈನ್ಡ್('ಬಿಲ್::ತೆರಿಗೆ') ಎಂದಾಗ ಹಾಗಲ್ಲ. ಇಲ್ಲಿ ತೆರಿಗೆ ಎಂಬುದು ಬಿಲ್ ಎಂಬ ಕ್ಲಾಸಿನ ಒಳಗಿರುವ ಕಾನ್‌ಸ್ಟಂಟ್; ಅದನ್ನು ಹುಡುಕಲು ಮೊದಲು ಆ ಕ್ಲಾಸ್ (ಡೇಟಾ, ಫಂಕ್ಷನ್‌ಗಳನ್ನು ಒಟ್ಟಿಗೆ ಕಟ್ಟಿದ ಕೋಡ್) ಬೇಕು. ಅದಿನ್ನೂ ಲೋಡ್ ಆಗಿಲ್ಲದಿದ್ದರೆ ಆಟೋಲೋಡರ್‌ಗೆ, ಅಂದರೆ ಕ್ಲಾಸ್ ಇರುವ ಫೈಲನ್ನು ತಾನೇ ಹುಡುಕಿ ತರುವ ಕೋಡಿಗೆ, ಕರೆ ಹೋಗುತ್ತದೆ. ಅದು ಹೆಸರಿನಿಂದ ಫೈಲಿನ ದಾರಿ ಲೆಕ್ಕಹಾಕಿ, ಫೈಲನ್ನು ಇನ್‌ಕ್ಲೂಡ್ ಮಾಡುತ್ತದೆ. ಕೇಳಿದ್ದು ಒಂದು ಪ್ರಶ್ನೆ, ಓಡಿದ್ದು ಒಂದಿಡೀ ಫೈಲು.

ಕ್ಲಾಸ್ ಸಿಗದಿದ್ದರೆ ಡಿಫೈನ್ಡ್ ಗಲಾಟೆ ಮಾಡದೆ ‘ಫಾಲ್ಸ್’ ಎನ್ನುತ್ತದೆ. ಆದರೆ ಆಟೋಲೋಡರ್ ತಾನೇ ಎಕ್ಸೆಪ್ಷನ್ (ಯಾರೂ ಹಿಡಿಯದಿದ್ದರೆ ಪ್ರೋಗ್ರಾಂ ನಿಲ್ಲಿಸುವ ದೋಷಸೂಚನೆ) ಎಸೆಯುವಂತೆ ಬರೆದಿದ್ದರೆ ಅದು ನೇರವಾಗಿ ಡಿಫೈನ್ಡ್ ಕರೆದ ಸಾಲಿಗೇ ಬಂದು ಬೀಳುತ್ತದೆ. ಕ್ಲಾಸ್ ಹೆಸರಿಗೂ ಫೈಲಿನ ದಾರಿಗೂ ನಂಟು ಹೇಳುವ ಪಿಎಸ್‌ಆರ್-4 ನಿಯಮ ಆಟೋಲೋಡರ್‌ಗಳು ಎಕ್ಸೆಪ್ಷನ್ ಎಸೆಯಲೇಬಾರದು ಎನ್ನುವುದು ಇಂಥ ಕಾರಣಕ್ಕೇ: ಒಂದರ ಹಿಂದೆ ಇನ್ನೊಂದು ಆಟೋಲೋಡರ್ ಸಾಲಿನಲ್ಲಿರಬಹುದು, ಮೊದಲನೆಯದು ಕೂಗಾಡಿದರೆ ಎರಡನೆಯದಕ್ಕೆ ಸರದಿಯೇ ಬರುವುದಿಲ್ಲ.

ಆಟೋಲೋಡರ್ ಸಭ್ಯವಾಗಿದ್ದರೂ ಫೈಲಿನಲ್ಲಿ ಒಂದು ಸೆಮಿಕೋಲನ್ ಬಿಟ್ಟುಹೋದರೆ ಸಾಕು, ಪಾರ್ಸ್‌ಎರರ್ (ಕೋಡಿನ ವ್ಯಾಕರಣ ತಪ್ಪಿದ ದೋಷ) ಬರುತ್ತದೆ. ಪಿಎಚ್‌ಪಿ 7ರಿಂದ ಇದನ್ನು ಹಿಡಿಯಬಹುದು, ಆದರೆ ‘ಎಕ್ಸೆಪ್ಷನ್’ ಎಂದು ಬರೆದ ಕ್ಯಾಚ್‌ಗೆ (ದೋಷ ಹಿಡಿಯುವ ಭಾಗಕ್ಕೆ) ಅದು ಸಿಕ್ಕುವುದಿಲ್ಲ, ‘ಪಾರ್ಸ್‌ಎರರ್’, ‘ಎರರ್’ ಅಥವಾ ‘ಥ್ರೋಯಬಲ್’ ಬೇಕು. ಕ್ಯಾಚ್‌ನಲ್ಲಿ ಬರೆದ ಕ್ಲಾಸ್ ಹೆಸರಿಗಾಗಿ ಆಟೋಲೋಡ್ ನಡೆಯುವುದೂ ಇಲ್ಲ. ಹೆಸರು ತಪ್ಪಾಗಿದ್ದರೆ ಯಾವ ದೂರೂ ಇಲ್ಲದೆ ಆ ಕ್ಯಾಚ್ ಸುಮ್ಮನೆ ಕೂತಿರುತ್ತದೆ.

ಎಲ್ಲಕ್ಕಿಂತ ಕಾಡುವುದು ಅಕ್ಷರಗಳ ತೊಂದರೆ. ಇಂಗ್ಲಿಷ್ ಕ್ಲಾಸ್ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಪಿಎಚ್‌ಪಿಗೆ ಒಂದೇ. ಲಿನಕ್ಸ್‌ನ ಫೈಲ್ ಹೆಸರಿಗೆ ಸಾಮಾನ್ಯವಾಗಿ ಬೇರೆ ಬೇರೆ. ಹಾಗಾಗಿ ಕ್ಲಾಸ್ ಹೆಸರಿನ ಮೊದಲಕ್ಷರ ತಪ್ಪಿದ ಅದೇ ಡಿಫೈನ್ಡ್ ಸಾಲು, ಕ್ಲಾಸ್ ಈಗಾಗಲೇ ಲೋಡ್ ಆಗಿದ್ದರೆ ‘ಟ್ರೂ’, ಆಗಿಲ್ಲದಿದ್ದರೆ ‘ಫಾಲ್ಸ್’ ಎನ್ನುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸರಿಯಿದ್ದದ್ದು ಸರ್ವರಿನಲ್ಲಿ ಕೈಕೊಡುವುದು ಹೀಗೆ. (ಪಿಎಚ್‌ಪಿ ಕನ್ನಡದ ಕ್ಲಾಸ್ ಹೆಸರನ್ನೂ ಒಪ್ಪುತ್ತದೆ. ನಮ್ಮ ಲಿಪಿಯಲ್ಲಿ ಈ ರಗಳೆಯೇ ಇಲ್ಲ.)

ಲೋಡ್ ಮಾಡಿಸದೆ ಕೇಳಬೇಕೆಂದರೆ ಮೊದಲು ಕ್ಲಾಸ್_ಎಕ್ಸಿಸ್ಟ್ಸ್('ಬಿಲ್', ಫಾಲ್ಸ್) ಎಂದು ನೋಡಿ, ‘ಟ್ರೂ’ ಬಂದರಷ್ಟೇ ಡಿಫೈನ್ಡ್ ಕರೆಯಿರಿ. ಎರಡನೆಯ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಬೆಲೆ) ಆಗಿರುವ ಆ ‘ಫಾಲ್ಸ್’ ಆಟೋಲೋಡ್ ತಡೆಯುತ್ತದೆ; ಬರೆಯದಿದ್ದರೆ ಆಟೋಲೋಡ್ ನಡೆಯುತ್ತದೆ. ಡಿಫೈನ್ಡ್‌ಗೆ ಅಂಥ ಎರಡನೆಯ ಆರ್ಗ್ಯುಮೆಂಟೇ ಇಲ್ಲ. ಇನ್ನು ಪಿಎಚ್‌ಪಿ 7.1ರಿಂದ ಬಂದಿರುವ ಪ್ರೈವೇಟ್ (ಕ್ಲಾಸಿನ ಒಳಗಷ್ಟೇ ಬಳಸಬಹುದಾದ) ಕಾನ್‌ಸ್ಟಂಟ್‌ಗಳ ವಿಷಯ: ಅವು ಇದ್ದರೂ ಹೊರಗಿನಿಂದ ಕೇಳಿದವರಿಗೆ ಸಿಗುವ ಉತ್ತರ ‘ಫಾಲ್ಸ್’.