ಬಾವಿ ಇನ್ನಷ್ಟು ಆಳ ತೋಡೋಣವಾ?

ಸುಣ್ಣಕಲ್ಲಿನ ದ್ವೀಪಗಳಲ್ಲಿ ನಾನು ಅತಿ ಹೆಚ್ಚು ಕೇಳಿಸಿಕೊಳ್ಳುವ ಪ್ರಶ್ನೆ ಇದು. ಬೇಡವೇ ಬೇಡ ಅಂತಲೇ ನನ್ನ ಉತ್ತರ.

ಕಾರಣ ಕಲ್ಲಿನಲ್ಲೇ ಇದೆ. ಸುಣ್ಣಕಲ್ಲಿನ ಮೇಲೆ ಎರಡು ಹನಿ ತೆಳು ಆಮ್ಲ ಬಿಟ್ಟರೆ ಸಾಕು, ಬುರಬುರ ಅಂತ ನೊರೆ ಬರುತ್ತದೆ. ಮಳೆನೀರು ಮಾಡುವುದೂ ಇದನ್ನೇ, ಆದರೆ ತುಂಬಾ ನಿಧಾನವಾಗಿ. ಗಾಳಿ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡ್ ಸೇರಿ ಮಳೆನೀರು ತುಸು ಹುಳಿಯಾಗುತ್ತದೆ. ಬಿರುಕಿಗಿಳಿದು ಕಲ್ಲನ್ನು ಕರಗಿಸುತ್ತದೆ. ಕೂದಲೆಳೆಯಂಥ ಸೀಳು ಸಾವಿರಾರು ವರ್ಷಗಳಲ್ಲಿ ಗುಹೆಯಾಗುತ್ತದೆ. ಗುಹೆಯ ಚಾವಣಿ ಕುಸಿದರೆ ನೆಲದಲ್ಲಿ ಗುಳಿ ಬೀಳುತ್ತದೆ. ಹಿಮಯುಗದಲ್ಲಿ ಸಮುದ್ರ ಸುಮಾರು 120 ಮೀಟರ್ ಕೆಳಗಿತ್ತು. ಆಗ ಕರಗಿದ ಎಷ್ಟೋ ಗುಹೆಗಳು ಇಂದು ಬಹಾಮಾಸ್‌ನ ನೀಲಿ ಕುಳಿಗಳಾಗಿ ನೀರಿನಡಿ ಇವೆ.

ಇಂಥ ನೆಲದ ಮೇಲೆ ನದಿ ನಿಲ್ಲುವುದಿಲ್ಲ. ಬಿದ್ದ ಮಳೆ ಕೆಳಗಿಳಿದು ಕಲ್ಲಿನ ರಂಧ್ರಗಳಲ್ಲಿ ಸೇರುತ್ತದೆ. ಆದರೆ ಅಲ್ಲಿ ಸಮುದ್ರದ ನೀರು ಆಗಲೇ ಇದೆ, ಅಲ್ವಾ? ಸಿಹಿನೀರು ಅದಕ್ಕಿಂತ ಹಗುರ, ಹಾಗಾಗಿ ಅದರ ಮೇಲೆ ತೇಲುತ್ತದೆ. ಬಾವಿಯ ನೀರಿನ ಮಟ್ಟ ಸಮುದ್ರಕ್ಕಿಂತ 1 ಮೀಟರ್ ಮೇಲಿದ್ದರೆ, ಅದರಡಿ ಸುಮಾರು 40 ಮೀಟರ್ ಸಿಹಿನೀರಿದೆ ಎಂಬುದು ನಮ್ಮ ಲೆಕ್ಕ. ಈ ಲೆಕ್ಕ ತಿರುಗಿಯೂ ಹೊಡೆಯುತ್ತದೆ. ಪಂಪು ಹಾಕಿ ಮಟ್ಟವನ್ನು ಅರ್ಧ ಮೀಟರ್ ಇಳಿಸಿದರೆ, ಉಪ್ಪುನೀರು ಕ್ರಮೇಣ 20 ಮೀಟರ್ ಮೇಲೇರಬಹುದು.

ಕೇಳಿದವರಿಗೆ ನಾನು ಇದನ್ನು ಕಣ್ಣಾರೆ ತೋರಿಸುತ್ತೇನೆ. ಉಪ್ಪಿನಂಶ ಅಳೆಯುವ ಮೀಟರನ್ನು ಕೊಳವೆಬಾವಿಗೆ ಇಳಿಬಿಡುತ್ತೇನೆ. ತುಂಬಾ ಹೊತ್ತು ಅಂಕಿ ಅಲುಗಾಡುವುದಿಲ್ಲ. ಆಮೇಲೆ ಕೆಲವೇ ಮೀಟರ್‌ಗಳಲ್ಲಿ ಸರಸರನೆ ಏರುತ್ತದೆ. ಅಲ್ಲಿಗೆ ಸಿಹಿನೀರು ಮುಗಿಯಿತು. ಅದಕ್ಕೇ ಮಾಲ್ಟಾದಲ್ಲಿ ಆಳಕ್ಕೆ ಹೋಗದೆ, ಸಮುದ್ರಮಟ್ಟದ ಹತ್ತಿರ ಅಡ್ಡ ಸುರಂಗ ಕೊರೆದು ಮೇಲಿನ ನೀರನ್ನಷ್ಟೇ ತೆಗೆಯುತ್ತಾರೆ.

ಇನ್ನೊಂದು ಚಿಂತೆ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತದೆ. ಮಣ್ಣು ತೆಳ್ಳಗಿರುವ ಕಡೆ ನೀರು ಸೋಸುವವರೇ ಇಲ್ಲ. ಮೇಲೆ ಶೌಚದ ಗುಂಡಿ ಸೋರಿದರೆ, ಬಿರುಕಿನ ದಾರಿಯಲ್ಲಿ ಬೇಗನೆ ಬಾವಿ ಸೇರಿಬಿಡುತ್ತದೆ. ಬಾರ್ಬಡೋಸ್‌ನ ಸುಮಾರು 85% ನೆಲ ಹವಳದ ಸುಣ್ಣಕಲ್ಲು. ಅಲ್ಲಿ 1963ರಲ್ಲೇ ಸಾರ್ವಜನಿಕ ಬಾವಿಗಳ ಸುತ್ತ ವಲಯ ಗುರುತಿಸಿ, ಹತ್ತಿರದ ವಲಯದಲ್ಲಿ ಹೊಸ ಮನೆ ಕಟ್ಟುವುದನ್ನು ತಡೆದರು. ಕಠಿಣ ನಿಯಮ ನಿಜ, ಆದರೆ ನನ್ನ ಮಟ್ಟಿಗೆ ಅದು ಸರಿಯಾದದ್ದೇ.

ಬರ್ಮುಡಾದವರು ಬಾವಿಯ ಭಾರ ಇಳಿಸಿದ ರೀತಿಯೂ ನನಗೆ ಬಲು ಇಷ್ಟ. ಅಲ್ಲಿನ ಮನೆಗಳ ಚಾವಣಿ ಬಿಳಿ ಬಣ್ಣದ್ದು, ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಮಳೆ ಬಂದರೆ ನೀರು ಅದರ ಮೇಲೆ ನಿಧಾನವಾಗಿ ಹರಿದು, ಮನೆಯಡಿಯ ತೊಟ್ಟಿಗೆ ಇಳಿಯುತ್ತದೆ.