ಬೀದಿ ಹುಡುಗರಿಗೆ ಛಾಪಾ ಕಾಗದದ ಮೇಲೆ ಕರಾರು ಮಾಡಿಸಿದ ಫಾದರ್

ಡಾನ್ ಬೋಸ್ಕೊ ಅಂದ್ರೆ ನಮ್ಮಲ್ಲಿ ತುಂಬಾ ಜನಕ್ಕೆ ಸ್ಕೂಲ್ ಹೆಸರು ಅಂತ ಅಷ್ಟೇ ಗೊತ್ತು. ಅದು ಇಟಲಿಯ ಒಬ್ಬ ಕ್ಯಾಥೊಲಿಕ್ ಪಾದ್ರಿ ಹೆಸರು, ಇನ್ನೂ ಸ್ವಲ್ಪ ಗೊತ್ತಿರೋರು ಅವರ ಕನಸು, ಪವಾಡ, ಎಲ್ಲಿಂದಲೋ ಬಂದು ಕಾಪಾಡ್ತಿದ್ದ ಬೂದು ನಾಯಿ ಕಥೆ ಹೇಳ್ತಾರೆ. ನನಗೆ ಮಾತ್ರ ಅವರು ಮಾಡಿದ್ರಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ಸೋದು ಆ ಛಾಪಾ ಕಾಗದ.

ಹುಟ್ಟಿದ್ದು 1815ರಲ್ಲಿ, ಉತ್ತರ ಇಟಲಿಯ ಬೆಕ್ಕಿ ಅನ್ನೋ ಹಳ್ಳಿ. ಎರಡು ವರ್ಷ ತುಂಬೋ ಮುಂಚೆನೇ ಅಪ್ಪ ತೀರ್ಕೊಂಡ್ರು, ಅಮ್ಮ ಮಾರ್ಗರೀಟಾನೇ ಸಾಕಿದ್ದು, ಮಲಣ್ಣನಿಗೆ ಇವನು ಓದೋದು ಸುತರಾಂ ಇಷ್ಟ ಇರ್ಲಿಲ್ಲ, ಕೊನೆಗೆ ಹುಡುಗ ಬೇರೆಯವರ ಹೊಲದಲ್ಲಿ ಆಳಾಗಿ ದುಡೀಬೇಕಾಯ್ತು. ಹೇಗೋ ಓದಿ 1841ರಲ್ಲಿ ಗುರುದೀಕ್ಷೆ ತಗೊಂಡ್ರು.

ಆಗ ಟ್ಯೂರಿನ್ ಸಿಟಿ ಬೆಳೀತಾ ಇತ್ತು. ಹಳ್ಳಿ ಬಿಟ್ಟು ಬಂದ ಹುಡುಗರು ಗಾರೆ ಕೆಲಸ, ಚಿಮಣಿ ಗುಡಿಸೋ ಕೆಲಸ ಅಂತ ಅಲೀತಿದ್ರು, ಮಲಗೋಕೆ ಜಾಗ ಇಲ್ಲ, ಹೇಳೋರು ಕೇಳೋರು ಇಲ್ಲ. ಕೈದಿಗಳ ಸೇವೆ ಮಾಡ್ತಿದ್ದ ಫಾದರ್ ಕಫಾಸ್ಸೊ ಅನ್ನೋ ಪಾದ್ರಿ ಡಾನ್ ಬೋಸ್ಕೊ ಅವರನ್ನ ಜೈಲಿಗೆ ಕರ್ಕೊಂಡು ಹೋಗಿ ತೋರಿಸಿದ್ರು. ಬಿಡುಗಡೆಯಾದ ಹುಡುಗ್ರೇ ಮತ್ತೆ ಒಳಗೆ ಬರ್ತಿದ್ರು, ಯಾಕಂದ್ರೆ ಹೊರಗೆ ಅವರಿಗೆ ಅಂತ ಯಾರೂ ಇರ್ಲಿಲ್ಲ. ಜೈಲು ಸೇರೋಕೆ ಮುಂಚೆನೇ ಈ ಹುಡುಗರ ಕೈ ಹಿಡ್ಕೋಬೇಕು ಅನ್ನೋದು ಡಾನ್ ಬೋಸ್ಕೊ ತಲೇಲಿ ಕೂತಿದ್ದು ಅಲ್ಲಿ.

ಭಾನುವಾರ ಹುಡುಗರನ್ನ ಸೇರಿಸೋದು, ಆಟ, ಪಾಠ, ಪೂಜೆ, ಹೀಗೆ ಶುರುವಾಯ್ತು. ಗಲಾಟೆ ತಡೆಯೋಕಾಗದೆ ಅಕ್ಕಪಕ್ಕದವರು ಓಡಿಸೋರು, ನೂರಾರು ಪುಂಡ್ರನ್ನ ಗುಂಪು ಕಟ್ತಾನೆ ಅಂತ ಅಧಿಕಾರಿಗಳಿಗೂ ಅನುಮಾನ. ಇವರಿಗೆ ತಲೆ ಕೆಟ್ಟಿದೆ ಅಂತ ಇಬ್ಬರು ಪಾದ್ರಿಗಳು ಗಾಡಿ ತಂದು ಹುಚ್ಚಾಸ್ಪತ್ರೆಗೆ ಸೇರಿಸೋಕೆ ನೋಡಿದ್ರಂತೆ, ಇವರು ಅವರನ್ನೇ ಮೊದಲು ಹತ್ತಿಸಿ ಬಾಗಿಲು ಹಾಕಿ ಗಾಡಿ ಹೊಡೆಸಿದ್ರಂತೆ! 1846ರಲ್ಲಿ ಟ್ಯೂರಿನ್ನಿನ ವಾಲ್ಡೊಕ್ಕೊ ಅನ್ನೋ ಏರಿಯಾದಲ್ಲಿ ಒಂದು ಶೆಡ್ ಬಾಡಿಗೆಗೆ ಸಿಕ್ತು, ಅದೇ ವರ್ಷ ಅಮ್ಮನೂ ಬಂದ್ರು.

ಈಗ ಕಾಗದದ ವಿಷಯ. ಹುಡುಗರನ್ನ ಕೆಲಸಕ್ಕೆ ಸೇರಿಸಿದ್ರೆ ಮೇಸ್ತ್ರಿಗಳು ಹೊಡೆಯೋರು, ಕಸುಬು ಕಲಿಸೋ ಬದಲು ಮನೆ ಚಾಕರಿ ಮಾಡಿಸೋರು. ಅದಕ್ಕೆ 1851–52ರ ಹೊತ್ತಿಗೆ ಡಾನ್ ಬೋಸ್ಕೊ ಮಾಲೀಕರ ಹತ್ರ ಲಿಖಿತ ಕರಾರು ಮಾಡಿಸೋಕೆ ಶುರು ಮಾಡಿದ್ರು. 1852ರಲ್ಲಿ ಒಬ್ಬ ಬಡಗಿ ಜೊತೆ ಆದ ಕರಾರಲ್ಲಿ ತಪ್ಪು ಮಾಡಿದ್ರೆ ಬಾಯಲ್ಲಿ ಹೇಳ್ಬೇಕು ಕೈ ಎತ್ತಬಾರದು, ಕಸುಬಿಗೆ ಸಂಬಂಧ ಇಲ್ಲದ ಕೆಲಸ ಹೇಳಬಾರದು, ಭಾನುವಾರ ಬಿಡುವು, ವರ್ಷಕ್ಕೆ 15 ದಿನ ರಜೆ, ಇಂತಿಷ್ಟು ಕೂಲಿ, ಎಲ್ಲಾ ಬರೆದಿದೆ. ಬೀದಿಯಿಂದ ಬಂದ ಹುಡುಗನಿಗೆ ರಜೆ! ದಾನ ಕೊಡೋರು ಆಗ್ಲೂ ಬೇಕಾದಷ್ಟಿದ್ರು, ಹಕ್ಕನ್ನ ಬರೆಸಿ ಸಹಿ ಹಾಕಿಸೋರು ಅಪರೂಪ.

ಅಷ್ಟಾದ್ರೂ ಹೊರಗಿನ ಅಂಗಡಿಗಳ ಮೇಲೆ ನಂಬಿಕೆ ಬರ್ಲಿಲ್ಲ, 1853ರಿಂದ ತಮ್ಮಲ್ಲೇ ಚಪ್ಪಲಿ ಹೊಲಿಯೋದು, ಟೈಲರಿಂಗ್, ಆಮೇಲೆ ಬುಕ್ ಬೈಂಡಿಂಗ್, ಮರಗೆಲಸ, ಪ್ರೆಸ್ ಎಲ್ಲಾ ಶುರು ಮಾಡಿದ್ರು. ತಮಾಷೆ ಅಂದ್ರೆ ಮಠಗಳನ್ನ ಮುಚ್ಚಿಸೋ ಕಾನೂನು ತಂದ ಮಂತ್ರಿ ರತ್ತಾಜ್ಜಿನೇ, ನಿಮ್ಮ ನಂತರವೂ ಇದು ನಡೀಬೇಕು, ಕಾನೂನಿಗೆ ಸಿಗದ ಹಾಗೆ ಸಂಘ ಕಟ್ಟಿ ಅಂತ ಸಲಹೆ ಕೊಟ್ಟಿದ್ದು. 1859ರಲ್ಲಿ ಅವರ ಕೆಲಸ ಮುಂದುವರಿಸೋ ಸಂಘ, ಸಲೇಷಿಯನ್ ಸಭೆ ಹುಟ್ಟಿತು. ಡಾನ್ ಬೋಸ್ಕೊ ತೀರಿಕೊಂಡಿದ್ದು 1888ರಲ್ಲಿ, ಸಂತ ಪದವಿ ಸಿಕ್ಕಿದ್ದು 1934ರಲ್ಲಿ.

ಸಲೇಷಿಯನ್ನರು 1906ರಲ್ಲಿ ತಂಜಾವೂರಿಗೆ ಬಂದ್ರು. ಬೆಂಗಳೂರಲ್ಲಿ ಬೀದಿ ಮಕ್ಕಳಿಗಾಗಿ ಅವರು ನಡೆಸ್ತಿರೋ 'ಬಾಸ್ಕೊ' 1980ರಿಂದ ಇದೆ. ಈಗ 14 ವರ್ಷದೊಳಗಿನ ಮಗುವನ್ನ ವರ್ಕ್‌ಶಾಪಲ್ಲಿ ಕೆಲಸಕ್ಕೆ ಇಟ್ಕೊಳ್ಳೋದೇ ಅಪರಾಧ, ಅಂಥ ಕರಾರಿಗೆ ಬೆಲೆನೇ ಇಲ್ಲ. ಮನೆ ಬಿಟ್ಟು ಬಂದು ರೈಲಿಳಿದ ಹುಡುಗ ಸಿಕ್ಕಿದ್ರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರ್ಕೊಂಡು ಹೋಗ್ಬೇಕು, ಮುಂದಿನದ್ದು ಅವರೇ ತೀರ್ಮಾನ ಮಾಡ್ತಾರೆ.